ಗೊಬ್ಬರಗುಂಡಿಯ ಮೂರು ‘ಹುಳ’ಗಳು: ಜೀವಿಗಳ ನೆಂಟಸ್ತಿಕೆ ಹುಡುಕುವುದು ಹೇಗೆ

ಮಳೆ ಹಿಡಿದು ಎಂಟು ದಿನ ಕಳೆದ ಮೇಲೆ ಮಲೆನಾಡಿನ ಯಾವುದಾದರೂ ಅಡಿಕೆ ತೋಟಕ್ಕೆ ಹೋಗಿ ಗೊಬ್ಬರಗುಂಡಿಯ ಬದಿ ಕೆದಕಿ ನೋಡಿ. ಉದ್ದಕ್ಕೆ, ನುಣ್ಣಗೆ, ಕಾಲಿಲ್ಲದೆ ಹೊರಬರುವುದನ್ನೆಲ್ಲ ನಮ್ಮ ಕಡೆ ‘ಹುಳ’ ಎಂದು ಮುಗಿಸಿಬಿಡುತ್ತಾರೆ. ಸ್ವಲ್ಪ ದಪ್ಪ ಇದ್ದರೆ ‘ಹಾವಿನ ಮರಿ’, ಹಿಂದೆಯೇ ಗುದ್ದಲಿ ಏಟು. ಅದೃಷ್ಟವಿದ್ದರೆ ಆ ಒಂದೇ ಗುಂಡಿಯಲ್ಲಿ ಮೂರು ಬೇರೆ ಬೇರೆ ಪ್ರಾಣಿಗಳು ಸಿಗುತ್ತವೆ. ಒಂದು ಎರೆಹುಳು. ಇನ್ನೊಂದು ಕುರುಡು ಹಾವು. ಮೂರನೆಯದು ಸಿಸಿಲಿಯನ್, ಕಾಲಿಲ್ಲದ ಉಭಯಜೀವಿ.

ಪಕ್ಕಪಕ್ಕ ಇಟ್ಟರೆ ಮೂವರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಕುರುಡು ಹಾವಿಗೆ ಈ ಇಬ್ಬರಿಗಿಂತ ಗೋಡೆ ಮೇಲಿನ ಹಲ್ಲಿ ಹತ್ತಿರದ ನೆಂಟ, ಹಲ್ಲಿ ಬಿಟ್ಟರೆ ಕೋಳಿ. ಸಿಸಿಲಿಯನ್‌ಗೆ ಕಪ್ಪೆ ಹತ್ತಿರ. ಎರೆಹುಳುವಿಗೆ, ಅದೇ ತೋಟದಲ್ಲಿ ನಿಮ್ಮ ಕಾಲಿಗೆ ಹತ್ತಿದ ಉಂಬಳ. ಹೋಲಿಕೆ ಬೇರೆ, ನೆಂಟಸ್ತಿಕೆ ಬೇರೆ. ಜೀವಶಾಸ್ತ್ರಜ್ಞರು ಇವೆರಡನ್ನು ಬಿಡಿಸುವುದು ಹೇಗೆ ಎಂಬುದನ್ನು ನಾನು ಪಿಯುಸಿ ಮಕ್ಕಳಿಗೆ ಈ ಮೂರು ‘ಹುಳ’ ಇಟ್ಟುಕೊಂಡೇ ಹೇಳಿಕೊಡುವುದು. ಒಂದು ನೋಟ್‌ಬುಕ್, ಪೆನ್ಸಿಲ್, ಫೋನು ಸಾಕು. ಆರನೆಯ ಹಂತಕ್ಕೆ ಮಾತ್ರ ಕಂಪ್ಯೂಟರ್ ಬೇಕು.

ಮೊದಲನೆಯದು: ಹಿಡಿಯಬೇಡಿ, ನೋಡಿ

ಗುಂಡಿಯಲ್ಲಿ ಮಂಡಲದ ಮರಿಯೂ ಇರಬಹುದು, ಕಟ್ಟುಹಾವಿನ ಮರಿಯೂ ಇರಬಹುದು. ಹಾಗಾಗಿ ಇದು ಯಾವುದು ಎಂದು ಖಾತ್ರಿಯಾಗುವ ತನಕ ಕೈ ಹಾಕಬೇಡಿ. ಕಡ್ಡಿಯಿಂದ ದರಕು ಸರಿಸಿ, ಫೋನಿನಲ್ಲಿ ನಾಲ್ಕು ಚಿತ್ರ ತೆಗೆಯಿರಿ: ಪೂರ್ತಿ ದೇಹ, ತಲೆ ಹತ್ತಿರದಿಂದ, ಬಾಲದ ತುದಿ, ಸಾಧ್ಯವಾದರೆ ಹೊಟ್ಟೆಯ ಬದಿ. ಪಕ್ಕದಲ್ಲಿ ಒಂದು ಬೆಂಕಿಕಡ್ಡಿ ಇಟ್ಟರೆ ಅಳತೆ ಸಿಗುತ್ತದೆ. ಹಿಡಿದು ಬಾಟಲಿಗೆ ಹಾಕುವ ಕೆಲಸ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾವಿಗೂ ಅನ್ವಯಿಸುತ್ತದೆ.

ಈಗ ಏನು ನೋಡಬೇಕು? ನಡಿಗೆಯಿಂದ ಶುರು ಮಾಡಿ. ಎರೆಹುಳು ದೇಹವನ್ನು ಒಮ್ಮೆ ತೆಳ್ಳಗೆ ಉದ್ದ ಮಾಡಿ, ಒಮ್ಮೆ ದಪ್ಪಗೆ ಗಿಡ್ಡ ಮಾಡಿ ಸಾಗುತ್ತದೆ. ಒಂದನ್ನು ಒಣ ಪತ್ರಿಕೆಯ ಹಾಳೆ ಮೇಲೆ ಬಿಟ್ಟು ಕಿವಿ ಹತ್ತಿರ ಹಿಡಿಯಿರಿ. ಸರಸರ ಸದ್ದು ಕೇಳುತ್ತದೆ. ಅದರ ಪ್ರತಿ ಬಳೆಯಲ್ಲೂ ಇರುವ ಸಣ್ಣ ಗಡಸು ಕೂದಲು ಕಾಗದಕ್ಕೆ ತಾಗುವ ಸದ್ದು ಅದು. ನಾನು ಮೊದಲ ಸಲ ಕೇಳಿದ್ದು ಮೂವತ್ತು ದಾಟಿದ ಮೇಲೆ, ಅಷ್ಟು ವರ್ಷ ಪಾಠ ಮಾಡಿದ ನಂತರ.

ಕುರುಡು ಹಾವು ಹಾಗೆ ಹಿಗ್ಗಿ ಕುಗ್ಗುವುದಿಲ್ಲ, ಎಡಕ್ಕೆ ಬಲಕ್ಕೆ ಬಳುಕುತ್ತದೆ. ಉದ್ದ ಸುಮಾರು 15 ಸೆಂಟಿಮೀಟರ್, ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ, ಆದರೆ ಮುಟ್ಟಿದರೆ ಒಣ. ಬೇರೆ ಹಾವುಗಳ ಹೊಟ್ಟೆಯಲ್ಲಿ ಅಗಲ ಪಟ್ಟಿಗಳಿದ್ದರೆ ಇದಕ್ಕೆ ಬೆನ್ನಿಗೂ ಹೊಟ್ಟೆಗೂ ಒಂದೇ ಅಳತೆಯ ಹುರುಪೆ. ಕಣ್ಣು ಹುರುಪೆಯ ಅಡಿಯಲ್ಲಿ ಕಪ್ಪು ಚುಕ್ಕಿ. ಬಾಲದ ತುದಿಯಲ್ಲಿ ಪುಟ್ಟ ಮುಳ್ಳು. ಅದು ಚುಚ್ಚಿದರೂ ವಿಷವಿಲ್ಲ.

ಸಿಸಿಲಿಯನ್ ಒಂದು ಗೇಣು ಮೀರುತ್ತದೆ. ಚರ್ಮ ಒದ್ದೆ, ಲೋಳೆ. ಮೈ ತುಂಬ ಬಳೆ ಬಳೆ, ಹಾಗಾಗಿ ದೂರದಿಂದ ದೊಡ್ಡ ಎರೆಹುಳು ಅನ್ನಿಸುತ್ತದೆ. ಘಟ್ಟದ ಕೆಲವು ಸಿಸಿಲಿಯನ್‌ಗಳಿಗೆ ಎರಡೂ ಪಕ್ಕದಲ್ಲಿ ಹಳದಿ ಪಟ್ಟಿ ಇರುತ್ತದೆ. ಆದರೆ ಬಾಯಿ ತೆರೆದರೆ ದವಡೆ ಇದೆ, ಹಲ್ಲಿನ ಸಾಲಿದೆ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಪುಟ್ಟ ಸ್ಪರ್ಶತಂತು ಇದೆ. ಅದು ಬೇರೆ ಯಾವ ಗುಂಪಿನ ಪ್ರಾಣಿಗೂ ಇಲ್ಲ. ತಲೆಯ ಚಿತ್ರ ಹತ್ತಿರದಿಂದ ತೆಗೆಯಿರಿ ಎಂದದ್ದು ಅದಕ್ಕೇ.

ಎರಡನೆಯದು: ಹೆಸರನ್ನು ಓದಲು ಕಲಿಯಿರಿ

ಶಾಲೆಯಲ್ಲಿ ಬಾಯಿಪಾಠ ಮಾಡಿದ ಏಣಿ ನೆನಪಿರಬಹುದು: ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ. ಈ ಅಂಚೆ ವಿಳಾಸದ ಪದ್ಧತಿಯ ಬುನಾದಿ ಹಾಕಿದವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. ಪ್ರಾಣಿಗಳ ಹೆಸರಿಗೆ ಇಂದಿಗೂ ಅವನ 1758ರ ಪಟ್ಟಿಯೇ ಆರಂಭದ ಗೆರೆ, ಗಿಡಗಳಿಗೆ 1753ರದ್ದು. ಅದಕ್ಕೂ ಹಿಂದಿನ ಹೆಸರು ಲೆಕ್ಕಕ್ಕಿಲ್ಲ.

ನಮ್ಮ ಕುರುಡು ಹಾವಿನ ಪೂರ್ತಿ ಹೆಸರು ಹೀಗೆ ಬರೆದಿರುತ್ತದೆ: ಇಂಡೋಟಿಫ್ಲಾಪ್ಸ್ ಬ್ರಾಮಿನಸ್ (ದೋದ್ಯಾಂ, 1803). ಮೊದಲ ಪದ ಜಾತಿ, ಎರಡನೆಯದು ಪ್ರಭೇದದ ಗುರುತು, ಕೊನೆಗೆ ಹೆಸರಿಟ್ಟವನು ಮತ್ತು ಇಸವಿ. ಆ ಆವರಣ ಚಿಹ್ನೆಯನ್ನು ಬಹಳ ಜನ ಅಲಂಕಾರ ಎಂದುಕೊಳ್ಳುತ್ತಾರೆ, ಹಾಗಲ್ಲ. ಹೆಸರಿಟ್ಟಾಗ ಈ ಪ್ರಾಣಿ ಬೇರೆ ಜಾತಿಯಲ್ಲಿತ್ತು, ಆಮೇಲೆ ಮನೆ ಬದಲಾಯಿತು ಎಂದು ಅದರ ಅರ್ಥ. ಈ ಹಾವು ಮೊದಲು ಎರಿಕ್ಸ್ ಜಾತಿಯಲ್ಲಿತ್ತು, ಅಂದರೆ ಮಣ್ಣುಮುಕ್ಕ ಹಾವಿನ ಮನೆಯಲ್ಲಿ. ಆಮೇಲೆ ಟಿಫ್ಲಾಪ್ಸ್, ರಾಂಫೋಟಿಫ್ಲಾಪ್ಸ್, 2014ರಲ್ಲಿ ಇಂಡೋಟಿಫ್ಲಾಪ್ಸ್. ಬಾಡಿಗೆ ಮನೆ ಬದಲಾದಂತೆ ಮೊದಲ ಹೆಸರು ಬದಲಾದರೂ ‘ಬ್ರಾಮಿನಸ್’ ಬದಲಾಗಲಿಲ್ಲ. ದೋದ್ಯಾಂ ಆಧಾರವಾಗಿಟ್ಟುಕೊಂಡದ್ದು ಭಾರತದ ಹಾವುಗಳ ಬಗ್ಗೆ ಬರೆದ ವೈದ್ಯ ಪ್ಯಾಟ್ರಿಕ್ ರಸೆಲ್ 1796ರಲ್ಲಿ ಪ್ರಕಟಿಸಿದ್ದ ವರ್ಣನೆಯನ್ನು. ರಸೆಲ್ ಅಲ್ಲಿ ತೆಲುಗಿನ ಊರ ಹೆಸರನ್ನೇ ಕೊಟ್ಟಿದ್ದ: ರೆಂಡು ತಲಲ ಪಾಮು. ಎರಡು ತಲೆಯ ಹಾವು. ನಮ್ಮಲ್ಲಿ ಆ ಹೆಸರು ಮಣ್ಣುಮುಕ್ಕನಿಗೆ ಸಲ್ಲುತ್ತದೆ.

ಇನ್ನು ಎಚ್ಚರಿಕೆ. ವಿಳಾಸ ಗೊತ್ತಾದರೆ ನೆಂಟಸ್ತಿಕೆ ಗೊತ್ತಾಯಿತು ಎಂದಲ್ಲ. ಲಿನೇಯಸ್ 1758ರಲ್ಲಿ ಸಿಸಿಲಿಯನ್‌ಗಳನ್ನು ಇಟ್ಟದ್ದು ಹಾವುಗಳ ಗಣದಲ್ಲಿ. ಕಾಲಿಲ್ಲ, ಉದ್ದ ಇದೆ, ಇನ್ನೇನು ಬೇಕು? ಅಂದರೆ ಗುದ್ದಲಿ ಹಿಡಿದ ನಮ್ಮ ತೋಟದವನೂ ವರ್ಗೀಕರಣದ ಪಿತಾಮಹನೂ ಬಿದ್ದದ್ದು ಒಂದೇ ಹಳ್ಳಕ್ಕೆ. 1831ರಲ್ಲಿ ಜರ್ಮನಿಯ ಜೀವವಿಜ್ಞಾನಿ ಯೋಹಾನ್ನೆಸ್ ಮ್ಯೂಲರ್ ಸಿಸಿಲಿಯನ್ ಮರಿಯೊಂದರ ಕುತ್ತಿಗೆಯಲ್ಲಿ ಕಿವಿರಿನ ರಂಧ್ರ ತೋರಿಸಿದ ಮೇಲೆ ವಾದಕ್ಕೆ ಜಾಗ ಕಡಿಮೆಯಾಯಿತು. ಕಿವಿರಿರುವ ಮರಿ ಹಾಕುವ ಹಾವು ಎಲ್ಲಿಯೂ ಇಲ್ಲ. ಅದು ಗೊದಮೊಟ್ಟೆಯ ಲಕ್ಷಣ.

ಮೂರನೆಯದು: ಲಕ್ಷಣಗಳನ್ನು ಜರಡಿ ಹಿಡಿಯಿರಿ

ಇಡೀ ಕೆಲಸದ ಗುಟ್ಟು ಇರುವುದು ಇಲ್ಲಿ. ಅವಸರ ಮಾಡಬೇಡಿ.

ಉತ್ತರ ಪತ್ರಿಕೆ ತಿದ್ದುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ನಲವತ್ತು ಮಕ್ಕಳು ಸರಿ ಉತ್ತರ ಬರೆದರೆ ಯಾರು ಯಾರನ್ನು ನೋಡಿ ಬರೆದರು ಎಂದು ತಿಳಿಯುವುದಿಲ್ಲ. ಇಬ್ಬರೇ ಇಬ್ಬರು ‘ದ್ಯುತಿಸಂಶ್ಲೇಷಣೆ’ಯನ್ನು ಒಂದೇ ರೀತಿ ತಪ್ಪಾಗಿ ಬರೆದಿದ್ದರೆ ಅವರ ಬೆಂಚು ಅಕ್ಕಪಕ್ಕ ಇತ್ತು ಎಂದು ಕಣ್ಣು ಮುಚ್ಚಿ ಹೇಳಬಹುದು. ಎಲ್ಲರಲ್ಲೂ ಇರುವ ಹಳೆಯದು ಸಾಕ್ಷಿಯಲ್ಲ. ಕೆಲವರಲ್ಲಿ ಮಾತ್ರ ಹಂಚಿಕೆಯಾದ ಹೊಸದು ಸಾಕ್ಷಿ. ಇದನ್ನು ಶಿಸ್ತಿನ ವಿಧಾನವಾಗಿ ಕಟ್ಟಿಕೊಟ್ಟವನು ಜರ್ಮನಿಯ ವಿಲ್ಲಿ ಹೆನ್ನಿಗ್, 1950ರಲ್ಲಿ. ಆತ ನೊಣಗಳ ತಜ್ಞ.

ನಮ್ಮ ಪ್ರಾಣಿಗಳಿಗೆ ಜೊತೆಗಾರರನ್ನು ಸೇರಿಸಿ: ಕೆರೆಯ ಮೀನು, ಕಪ್ಪೆ, ಹಲ್ಲಿ, ಕೋಳಿ, ಇಲಿ. ಒಟ್ಟು ಎಂಟು. ಈಗ ಪ್ರತಿ ಲಕ್ಷಣಕ್ಕೂ ಮೂರು ಪ್ರಶ್ನೆ ಹಾಕಿ.

ಇದು ಹಳೆಯದೋ ಹೊಸದೋ? ಬೆನ್ನುಮೂಳೆ ಎರೆಹುಳು ಬಿಟ್ಟು ಏಳಕ್ಕೂ ಇದೆ. ಎರೆಹುಳುವನ್ನು ಹೊರಗಿಡಲು ಅದು ಸಾಕು. ಆದರೆ ಹಾವು ಹಲ್ಲಿಗೆ ಹತ್ತಿರವೋ ಕಪ್ಪೆಗೆ ಹತ್ತಿರವೋ ಎಂದು ಕೇಳಿದರೆ ಬೆನ್ನುಮೂಳೆ ಬಾಯಿ ಬಿಡುವುದಿಲ್ಲ, ಮೂವರಿಗೂ ಇದೆಯಲ್ಲ.

ಒಂದೇ ಮೂಲದ್ದೋ, ಒಂದೇ ಕೆಲಸದ್ದೋ? ಕೋಳಿಯ ರೆಕ್ಕೆ, ಇಲಿಯ ಮುಂಗಾಲು, ಕಪ್ಪೆಯ ಮುಂಗಾಲು, ನಿಮ್ಮ ತೋಳು: ಎಲ್ಲದರಲ್ಲೂ ಭುಜದಿಂದ ಒಂದು ಮೂಳೆ, ಆಮೇಲೆ ಎರಡು (ಕಪ್ಪೆಯಲ್ಲಿ ಅವೆರಡೂ ಬೆಸೆದಿವೆ), ಆಮೇಲೆ ಮಣಿಕಟ್ಟಿನ ಸಣ್ಣವು, ಕೊನೆಗೆ ಬೆರಳು. ಕೆಲಸ ಬೇರೆ, ನಕ್ಷೆ ಒಂದೇ. ಕೋಳಿ ರೆಕ್ಕೆಗೂ ಏರೋಪ್ಲೇನ್ ಚಿಟ್ಟೆಯ ರೆಕ್ಕೆಗೂ ಕೆಲಸ ಒಂದೇ, ನಕ್ಷೆಯಲ್ಲಿ ಒಂದು ಗೆರೆಯೂ ಕೂಡುವುದಿಲ್ಲ.

ಇದು ‘ಇದೆ’ಯೋ ‘ಇಲ್ಲ’ವೋ? ‘ಇಲ್ಲ’ಗಳನ್ನು ಅನುಮಾನದಿಂದ ನೋಡಿ. ಇಬ್ಬರ ಕಿಸೆ ಖಾಲಿ ಇದೆ ಎಂದ ಮಾತ್ರಕ್ಕೆ ಅವರು ಒಂದೇ ಮನೆಯವರಾಗುವುದಿಲ್ಲ. ಮಣ್ಣಿನಲ್ಲಿ ನುಸುಳಿ ಬದುಕುವವರಿಗೆ ಕಾಲು ಅಡ್ಡಿ. ಹಲ್ಲಿ ಮತ್ತು ಹಾವುಗಳ ಬಳಗವೊಂದರಲ್ಲೇ ಕಾಲು ಕಳೆದುಕೊಳ್ಳುವುದು ಇಪ್ಪತ್ತಕ್ಕೂ ಹೆಚ್ಚು ಸಲ ಬೇರೆ ಬೇರೆಯಾಗಿ ನಡೆದಿದೆ. ಕಳೆದುಕೊಂಡ ಗುರುತೂ ಉಳಿದಿರುತ್ತದೆ: ಹೆಬ್ಬಾವಿನ ಬಾಲದ ಬುಡದಲ್ಲಿ ಎರಡೂ ಕಡೆ ಉಗುರಿನಂಥ ಮುಳ್ಳಿದೆ, ಅದು ಹಿಂಗಾಲಿನ ಅವಶೇಷ. ನಮ್ಮ ಕುರುಡು ಹಾವಿನ ಬಳಗಕ್ಕೂ ಒಳಗೆ ಸೊಂಟದ ಮೂಳೆಯ ಚೂರು ಉಳಿದಿದೆ.

ನಾಲ್ಕನೆಯದು: ಕೋಷ್ಟಕ ಬರೆದು ಬೆಲೆ ಎಣಿಸಿ

ಹಾಳೆಯಲ್ಲಿ ಅಡ್ಡಕ್ಕೆ ಪ್ರಾಣಿ, ಉದ್ದಕ್ಕೆ ಲಕ್ಷಣ. ಇದ್ದರೆ 1, ಇಲ್ಲದಿದ್ದರೆ 0. ಜಗಳ ಇರುವುದು ಹಾವು ಮತ್ತು ಸಿಸಿಲಿಯನ್ ನಡುವೆ, ಆದ್ದರಿಂದ ನಾಲ್ಕು ಲಕ್ಷಣ ಸಾಕು.

ಒಂದು, ಕಾಲು ಹೋಗಿರುವುದು: ಹಾವು, ಸಿಸಿಲಿಯನ್. ಎರಡು, ಭ್ರೂಣದ ಸುತ್ತ ನೀರಿನ ಚೀಲ, ಅಂದರೆ ಆಮ್ನಿಯಾನ್ ಪೊರೆ: ಹಾವು, ಹಲ್ಲಿ, ಕೋಳಿ, ಇಲಿಗೆ ಇದೆ, ಕಪ್ಪೆ, ಸಿಸಿಲಿಯನ್, ಮೀನಿಗೆ ಇಲ್ಲ. ಮೂರು, ಗಂಡಿಗೆ ಜೋಡಿ ಸಂಗಮಾಂಗ: ಹಾವು ಮತ್ತು ಹಲ್ಲಿಗಳ ಬಳಗಕ್ಕೆ ಮಾತ್ರ. (ಕುರುಡು ಹಾವಿನ ಈ ಪ್ರಭೇದದಲ್ಲಿ ಗಂಡೇ ಇಲ್ಲ, ಎಲ್ಲವೂ ಹೆಣ್ಣು, ಗಂಡಿಲ್ಲದೆ ಮೊಟ್ಟೆ ಇಡುತ್ತವೆ! ಹೂಕುಂಡದ ಮಣ್ಣಿನಲ್ಲಿ ಒಂದೇ ಒಂದು ಹೋದರೂ ಸಂಸಾರ ಬೆಳೆಯುವುದರಿಂದಲೇ ಅದು ಲೋಕದ ಬಿಸಿನಾಡುಗಳಿಗೆಲ್ಲ ಹಬ್ಬಿದ್ದು. ಈ ಲಕ್ಷಣಕ್ಕೆ ಅದರ ಹತ್ತಿರದ ಹಾವುಗಳನ್ನು ನೋಡಿ 1 ಹಾಕಿ.) ನಾಲ್ಕು, ಬುಡ ಮತ್ತು ತುದಿ ಎಂದು ಎರಡು ಭಾಗವಾಗಿ, ನಡುವೆ ಮೆತ್ತನೆ ಗೆರೆಯಿರುವ ಹಲ್ಲು: ಕಪ್ಪೆ, ಸಿಸಿಲಿಯನ್.

ಈಗ ಎರಡು ಮರ ಬರೆಯಿರಿ. ಮೊದಲ ಮರದಲ್ಲಿ ಹಾವು ಹಲ್ಲಿಯ ಪಕ್ಕ, ಸಿಸಿಲಿಯನ್ ಕಪ್ಪೆಯ ಪಕ್ಕ. ಎರಡನೆಯದರಲ್ಲಿ ಹಾವು ಸಿಸಿಲಿಯನ್ ಜೋಡಿ, ಆ ಜೋಡಿಯ ಪಕ್ಕ ಹಲ್ಲಿ, ಕಪ್ಪೆ ದೂರ. ಪ್ರತಿ ಬದಲಾವಣೆ ಆಗಬೇಕಾದ ಕೊಂಬೆಯ ಮೇಲೆ ಒಂದು ಅಡ್ಡಗೆರೆ ಎಳೆಯಿರಿ.

ಮೊದಲ ಮರದಲ್ಲಿ ಕಾಲು ಎರಡು ಸಲ ಹೋಗಬೇಕು, ಎರಡು ಗೆರೆ. ಪೊರೆ ಒಂದು ಸಲ ಬಂದರೆ ಸಾಕು, ಒಂದು. ಜೋಡಿ ಅಂಗ ಒಂದು. ಹಲ್ಲು ಒಂದು. ಒಟ್ಟು 5. ಎರಡನೆಯ ಮರದಲ್ಲಿ ಕಾಲಿನ ಲೆಕ್ಕ ಒಂದರಲ್ಲಿ ಮುಗಿಯಿತು, ಲಾಭ! ಆದರೆ ಪೊರೆ ಬಂದು, ಸಿಸಿಲಿಯನ್‌ನಲ್ಲಿ ಮತ್ತೆ ಹೋಗಬೇಕು, ಎರಡು. ಜೋಡಿ ಅಂಗವೂ ಬಂದು ಹೋಗಬೇಕು, ಎರಡು. ಹಲ್ಲು ಕಪ್ಪೆಗೊಮ್ಮೆ ಸಿಸಿಲಿಯನ್‌ಗೊಮ್ಮೆ ಹುಟ್ಟಬೇಕು, ಎರಡು. ಒಟ್ಟು 7. ಕಡಿಮೆ ಖರ್ಚಿನ ಮರ ಗೆದ್ದಿತು. ಒಂದು ಕಡೆ ಉಳಿಸಲು ಹೋಗಿ ಮೂರು ಕಡೆ ಕೈ ಸುಟ್ಟುಕೊಳ್ಳುವುದನ್ನು ಮಕ್ಕಳು ತಾವೇ ಎಣಿಸಿ ನೋಡಬೇಕು. ನಾನು ಬೋರ್ಡಿನ ಮೇಲೆ ಬರೆದು ತೋರಿಸಿದ ವರ್ಷ ಯಾರಿಗೂ ನಾಟಲಿಲ್ಲ.

ಎಲ್ಲ ಮರಗಳನ್ನೂ ಕೈಯಲ್ಲಿ ಬರೆದು ಪರೀಕ್ಷಿಸುತ್ತೇನೆ ಎಂದು ಹೊರಡಬೇಡಿ. ಮೂರು ಪ್ರಾಣಿಗೆ ಸಾಧ್ಯವಿರುವ ಮರ 3, ನಾಲ್ಕಕ್ಕೆ 15, ನಮ್ಮ ಎಂಟಕ್ಕೆ 1,35,135. ಹತ್ತಕ್ಕೆ ಹೋದರೆ 3,44,59,425.

ಐದನೆಯದು: ಮರವನ್ನು ಸರಿಯಾಗಿ ಓದಿ

ಎಡದಿಂದ ಬಲಕ್ಕೆ ಓದುವ ಚಾಳಿ ಬಿಡಿ. ಕವಲಿನ ಬಳಿ ಕೊಂಬೆಗಳನ್ನು ತಿರುಗಿಸಿದರೆ ಅರ್ಥ ಬದಲಾಗುವುದಿಲ್ಲ, ಮಗುವಿನ ತೊಟ್ಟಿಲ ಮೇಲೆ ತೂಗುಬಿಟ್ಟ ಗಿಲಕಿ ತಿರುಗಿದ ಹಾಗೆ. ಯಾರು ಯಾರಿಗೆ ಹತ್ತಿರ ಎಂದು ತಿಳಿಯಲು ಇಬ್ಬರ ತುದಿಯಿಂದಲೂ ಕೆಳಕ್ಕೆ ಬೆರಳು ಇಳಿಸಿ, ಬೆರಳು ಎಲ್ಲಿ ಕೂಡುತ್ತದೆ ನೋಡಿ. ತುದಿಗೆ ಹತ್ತಿರ ಕೂಡಿದರೆ ಹತ್ತಿರದ ನೆಂಟ.

ಇನ್ನೊಂದು ತಪ್ಪು ಪರೀಕ್ಷೆಯಲ್ಲಿ ಪ್ರತಿ ವರ್ಷ ಸಿಗುತ್ತದೆ: ‘ಕಪ್ಪೆಯಿಂದ ಹಲ್ಲಿ ಬಂತು.’ ಇದು ದೊಡ್ಡಪ್ಪನ ಮಗನಿಂದ ನಾನು ಹುಟ್ಟಿದೆ ಎಂದ ಹಾಗೆ. ತುದಿಯಲ್ಲಿ ಕೂತವರೆಲ್ಲ ಇವತ್ತಿನವರು, ಎಲ್ಲರ ವಯಸ್ಸೂ ಒಂದೇ. ಅಜ್ಜ ಇರುವುದು ಕವಲಿನಲ್ಲಿ.

ಮರ ಓದಲು ಬಂದರೆ ಶಾಲೆಯ ಏಣಿಯ ಒಂದು ಮೆಟ್ಟಿಲು ಸಡಿಲಾಗಿರುವುದೂ ಕಾಣುತ್ತದೆ. ಹಾವು, ಹಲ್ಲಿ, ಮೊಸಳೆ ಇವೆಲ್ಲ ‘ಸರೀಸೃಪ’, ಕೋಳಿ ಬೇರೆ ವರ್ಗ ಎನ್ನುತ್ತೇವೆ. ಆದರೆ ಮೊಸಳೆಗೆ ಹಲ್ಲಿಗಿಂತ ಕೋಳಿ ಹತ್ತಿರ. ಹಕ್ಕಿಯನ್ನು ಹೊರಗಿಟ್ಟ ಸರೀಸೃಪ ವರ್ಗ ಎಂದರೆ ಒಬ್ಬ ಮಗನನ್ನು ಬಿಟ್ಟು ತೆಗೆಸಿದ ಮನೆಯ ಫೋಟೋ. ಮಾತಿಗೆ ಬಳಸಿ, ತೊಂದರೆ ಇಲ್ಲ. ಮರದಲ್ಲಿ ಮಾತ್ರ ಅಂಥ ಗುಂಪು ಇಲ್ಲ.

ಆರನೆಯದು: ಡಿಎನ್‌ಎ ಸಾಲುಗಳನ್ನು ಎದುರುಬದುರು ಇಡಿ

ಕಣ್ಣಿಗೆ ಕಾಣುವ ಲಕ್ಷಣ ಎಷ್ಟು ಎಣಿಸಿದರೂ ನೂರಿನ್ನೂರು. ಬ್ಯಾಕ್ಟೀರಿಯಾದಂಥವುಗಳಲ್ಲಿ ಅದೂ ಇಲ್ಲ. ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ, ಜೀವಕೋಶದಲ್ಲಿ ಪ್ರೋಟೀನು ಕಟ್ಟುವ ರೈಬೋಸೋಮ್ ಆರ್‌ಎನ್‌ಎ ಹೋಲಿಸಿದ ಮೇಲೆಯೇ ಆರ್ಕಿಯಾ ಎಂಬ ಏಕಕೋಶ ಜೀವಿಗಳ ಇಡೀ ಬಳಗ ಬ್ಯಾಕ್ಟೀರಿಯಾದಿಂದ ಬೇರೆ ಎಂದು ಗೊತ್ತಾದದ್ದು. ತರ್ಕ ಹಳೆಯದೇ, ಓಲೆಗರಿ ಸಂಪಾದಕರದ್ದು. ಒಂದೇ ಕಾವ್ಯದ ಹತ್ತು ಪ್ರತಿಗಳನ್ನು ಹರಡಿಕೊಂಡು, ಯಾವ ಯಾವ ಪ್ರತಿಯಲ್ಲಿ ಒಂದೇ ಪಾಠಾಂತರ ನುಸುಳಿದೆ ನೋಡಿ, ಇವೆರಡೂ ಒಂದೇ ತಾಯಿಪ್ರತಿಯಿಂದ ಇಳಿದವು ಎನ್ನುತ್ತಾರಲ್ಲ, ಹಾಗೆ. ಇಲ್ಲಿ ಅಕ್ಷರ ನಾಲ್ಕೇ: ಎ, ಸಿ, ಜಿ, ಟಿ.

ಪ್ರಯೋಗಾಲಯ ಬೇಡ. ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಸಾಲುಗಳು ಉಚಿತವಾಗಿ ಸಿಗುತ್ತವೆ. ಪ್ರಾಣಿಯ ವೈಜ್ಞಾನಿಕ ಹೆಸರು, ಪಕ್ಕದಲ್ಲಿ ಜೀನಿನ ಹೆಸರು ಕೊಟ್ಟು ಹುಡುಕಿ, ಫಾಸ್ಟಾ ರೂಪದಲ್ಲಿ (ಮೇಲೆ ಹೆಸರು, ಕೆಳಗೆ ಅಕ್ಷರಗಳ ಸಾಲು ಇರುವ ಸರಳ ಕಡತ) ಇಳಿಸಿಕೊಳ್ಳಿ. ಎರಡು ಕಪ್ಪೆ ಪ್ರಭೇದಗಳನ್ನು ಹೋಲಿಸುವುದಾದರೆ ಮೈಟೊಕಾಂಡ್ರಿಯಾದ 16ಎಸ್ ಜೀನು ಒಳ್ಳೆಯದು, ಬೇಗ ಬದಲಾಗುತ್ತದೆ. ನಮ್ಮ ಪ್ರಶ್ನೆ ಬಹಳ ಹಳೆಯ ಕವಲಿನದ್ದು. ಅಷ್ಟು ಹಿಂದಕ್ಕೆ ಹೋದರೆ ಬೇಗ ಬದಲಾಗುವ ಜೀನಿನಲ್ಲಿ ತಿದ್ದಿದ್ದರ ಮೇಲೆ ತಿದ್ದಿ ಅಕ್ಷರವೇ ಮಸಿಯಾಗಿರುತ್ತದೆ. ಹಾಗಾಗಿ ನಿಧಾನದ ರ್‍ಯಾಗ್1 ಎಂಬ ಕೋಶಕೇಂದ್ರದ ಜೀನು ಆರಿಸಿ. ಕುರುಡು ಹಾವಿನದೇ ಸಿಗದಿದ್ದರೆ ಅದೇ ಕುಟುಂಬದ ಬೇರೊಂದು ಹಾವಿನದು ಸಾಕು. ಎರೆಹುಳುವನ್ನು ಇಲ್ಲಿಗೆ ತರಬೇಡಿ, ಅದಕ್ಕೆ ಈ ಜೀನೇ ಇಲ್ಲ. ಹೊರಗಿನವನ ಪಾತ್ರಕ್ಕೆ ಮೀನು ಸಾಕು.

ಮೆಗಾ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಎಲ್ಲ ಸಾಲುಗಳನ್ನು ಒಂದೇ ಕಡತಕ್ಕೆ ಸೇರಿಸಿ, ಮಸಲ್ ಗುಂಡಿ ಒತ್ತಿ ಸಾಲು ಹೊಂದಿಸಿ. ಆಮೇಲೆ ಕಣ್ಣಿನಿಂದ ನೋಡಿ. ಈ ನೋಡುವ ಕೆಲಸ ಬಿಟ್ಟು ಒಮ್ಮೆ ನಾನು ಚೆನ್ನಾಗಿ ಕೆಟ್ಟಿದ್ದೇನೆ. ಮರದಲ್ಲಿ ಕಪ್ಪೆ ಮೀನಿಗಿಂತಲೂ ಆಚೆ ಹೋಗಿ ಕೂತಿತ್ತು. ರಾತ್ರಿ ಹನ್ನೊಂದರ ತನಕ ಅದಕ್ಕೊಂದು ಸಿದ್ಧಾಂತ ಹೆಣೆದೆ. ಬೆಳಿಗ್ಗೆ ನೋಡಿದರೆ ಆ ಕಪ್ಪೆಯ ಸಾಲು ಉಲ್ಟಾ ಇತ್ತು, ಡಿಎನ್‌ಎಯ ಇನ್ನೊಂದು ಎಳೆಯದ್ದು. ಒಂದು ಸಾಲು ಮಾತ್ರ ಯಾರ ಜೊತೆಗೂ ಹೊಂದದೆ ಚಿಂದಿಯಾಗಿ ಕಂಡರೆ ಮೊದಲು ಅದನ್ನು ತಿರುಗಿಸಿ ನೋಡಿ.

ಸಾಲು ಹೊಂದಿದ ಮೇಲೆ ಮ್ಯಾಕ್ಸಿಮಂ ಲೈಕ್ಲಿಹುಡ್ ವಿಧಾನ ಆರಿಸಿ. ಯಾವ ಮರ ನಿಜವಾಗಿದ್ದರೆ ಈ ಅಕ್ಷರಗಳು ಹೀಗೆ ಬರುವ ಸಂಭವ ಅತಿ ಹೆಚ್ಚು ಎಂದು ಅದು ಹುಡುಕುತ್ತದೆ. ಬೂಟ್‌ಸ್ಟ್ರ್ಯಾಪ್ 1000 ಎಂದು ಕೊಡಿ. ಸಾಲುಗಳ ಕಂಬಗಳನ್ನು (ಹೊಂದಿಸಿದ ಸಾಲುಗಳಲ್ಲಿ ಒಂದರ ಕೆಳಗೊಂದು ಬರುವ ಅಕ್ಷರಗಳನ್ನು) ಚೀಟಿ ಎತ್ತಿದ ಹಾಗೆ ಎತ್ತಿ, ಎತ್ತಿದ್ದನ್ನು ಮತ್ತೆ ಡಬ್ಬಿಗೆ ಹಾಕಿ, ಸಾವಿರ ಸಲ ಮರ ಕಟ್ಟುತ್ತದೆ. ಕವಲಿನ ಪಕ್ಕ 95 ಎಂದಿದ್ದರೆ ನೂರಕ್ಕೆ 95 ಸಲ ಅದೇ ಗುಂಪು ಬಂತು ಎಂದರ್ಥ. 70ಕ್ಕಿಂತ ಕೆಳಗಿನ ಕವಲನ್ನು ನಾನು ನಂಬುವುದಿಲ್ಲ. ಹೆಚ್ಚು ಅಂಕ ಬಂದರೂ ಅದು ಸತ್ಯದ ಪ್ರಮಾಣಪತ್ರವಲ್ಲ. ಉಲ್ಟಾ ಸಾಲಿನ ಆ ಮರದಲ್ಲೂ ಕಪ್ಪೆಯ ಕವಲಿಗೆ ಒಳ್ಳೆಯ ಅಂಕವೇ ಇತ್ತು. ಕೊನೆಗೆ ಮೀನಿನ ಕೊಂಬೆಯ ಮೇಲೆ ಬೇರು ಇಡುವುದನ್ನು ಮರೆಯಬೇಡಿ. ಬೇರು ತಪ್ಪಿದರೆ ನೆಂಟಸ್ತಿಕೆಯೆಲ್ಲ ತಲೆಕೆಳಗು.

ಏಳನೆಯದು: ಮರಕ್ಕೆ ಊರು ಕೇಳಿ

ಮರ ಕೈಗೆ ಬಂದ ಮೇಲೆ ಪ್ರತಿ ತುದಿಯ ಪಕ್ಕ ಆ ಪ್ರಾಣಿ ಸಿಗುವ ಜಾಗ ಬರೆಯಿರಿ. 2012ರಲ್ಲಿ ಕಪ್ಪೆ ತಜ್ಞ ಎಸ್.ಡಿ. ಬಿಜು ಅವರ ತಂಡ ಈಶಾನ್ಯ ಭಾರತದ ಮಣ್ಣು ಅಗೆದು ಸಿಸಿಲಿಯನ್‌ಗಳ ಹೊಸ ಕುಟುಂಬವನ್ನೇ ಪ್ರಕಟಿಸಿತು, ಹೆಸರು ಚಿಕಿಲಿಡೇ. ಅವುಗಳ ಹತ್ತಿರದ ನೆಂಟರು ಪಕ್ಕದ ಬರ್ಮಾದಲ್ಲೂ ಇಲ್ಲ, ನಮ್ಮ ಘಟ್ಟದಲ್ಲೂ ಇಲ್ಲ, ಆಫ್ರಿಕಾದಲ್ಲಿದ್ದಾರೆ. ಉಪ್ಪುನೀರು ದಾಟಲಾರದ, ಮಣ್ಣಿನೊಳಗಿನ ಪ್ರಾಣಿ! ಭಾರತ ಮತ್ತು ಆಫ್ರಿಕಾ ಒಂದೇ ಭೂಖಂಡದಲ್ಲಿದ್ದ ಕಾಲದ ಕವಲು ಅದು.

ಮಂಗಳೂರಿನ ಕಥೆ ತಿರುಗುಮುರುಗು. 2018ರಲ್ಲಿ ಅಲ್ಲಿಂದ ಕೊಡಿಯಾಲ್ ಹೆಸರಿನ ಒಂದು ಪುಟ್ಟ ಮೈಕ್ರೊಹೈಲ ಕಪ್ಪೆ ವರದಿಯಾಯಿತು. ಮರ ಕಟ್ಟಿ ನೋಡಿದರೆ ಅದರ ದಾಯಾದಿಗಳು ಆಗ್ನೇಯ ಏಷ್ಯಾದವರು. ಕಪ್ಪೆ ಸಿಕ್ಕಿದ ಜಾಗದಲ್ಲಿ ಹಿಂದೆ ಹೊರದೇಶದಿಂದ ಹಡಗಿನಲ್ಲಿ ಬಂದ ಮರದ ದಿಮ್ಮಿ ರಾಶಿ ಹಾಕುತ್ತಿದ್ದರು. ದಿಮ್ಮಿಯ ಜೊತೆ ಬಂದಿರಬಹುದು ಎಂದು ಸಂಶೋಧಕರು ಊಹಿಸಿದರು. ಒಂದು ಮರ ಖಂಡಗಳ ಬಿರುಕು ತೋರಿಸಿತು, ಇನ್ನೊಂದು ಬಂದರಿನ ಸರಕು.

ಇಷ್ಟು ಮಾಡಿದ ಮೇಲೆ ಕೈ ಪಳಗಿಸಲು ಎಂಟರ ಪಟ್ಟಿಗೆ ಮೊಸಳೆ ಮತ್ತು ಆಮೆ ಸೇರಿಸಿ. ಮೊಸಳೆ ತೊಂದರೆ ಕೊಡುವುದಿಲ್ಲ, ನೇರ ಕೋಳಿಯ ಪಕ್ಕ ಹೋಗಿ ಕೂರುತ್ತದೆ. ಆಮೆ ಮಾತ್ರ ಕಿತಾಪತಿ. ತಲೆಬುರುಡೆಯಲ್ಲಿ ಕಣ್ಣಿನ ಹಿಂದೆ ಹಲ್ಲಿ, ಮೊಸಳೆಗಳ ಬಳಗಕ್ಕಿರುವ ಕಿಂಡಿಗಳು ಆಮೆಗೆ ಇಲ್ಲ. ಅದನ್ನು ನಂಬಿ ಬಹುಕಾಲ ಆಮೆಯನ್ನು ಸರೀಸೃಪಗಳ ಮರದ ಬುಡದಲ್ಲೇ ಬೇರೆಯಾಗಿ ಇಡುತ್ತಿದ್ದರು. ಡಿಎನ್‌ಎ ಸಾಲುಗಳು ಮಾತ್ರ ಮತ್ತೆ ಮತ್ತೆ ಅದನ್ನು ಮೊಸಳೆ, ಹಕ್ಕಿಗಳ ಕೊಂಬೆಯ ಪಕ್ಕ ತಂದು ಕೂರಿಸಿವೆ. ಮೊದಲು ಕೋಷ್ಟಕದಿಂದ ಒಂದು ಮರ ಮಾಡಿ, ಆಮೇಲೆ ರ್‍ಯಾಗ್1ರಿಂದ ಇನ್ನೊಂದು. ಎರಡು ಮರ ಒಪ್ಪದಿದ್ದರೆ ಕಿಂಡಿಯ ಸಾಲಿನಲ್ಲಿ ನೀವು ಹಾಕಿದ ಸೊನ್ನೆಯನ್ನು ಇನ್ನೊಮ್ಮೆ ನೋಡಿ. ಅದೂ ಒಂದು ‘ಇಲ್ಲ’ವೇ.